ಹಲ್ಲಲ್ಲಿ ಕಟ್ಟಿದ ಗಂಟು

ಉಗ್ರಾಣದಕ್ಕನನ್ನು ನಾನು ಮೊದಲು ನೋಡಿದ್ದು ಕಾರ್ಖಾನೆಯ ಗೇಟಿನೆದುರು, ಮುಷ್ಕರದ ಚಪ್ಪರದ ಹಿಂದೆ. ನಾವು ಮುಂದೆ ಕೂತು ಗಂಟಲು ಹರಿದುಕೊಳ್ಳುತ್ತಿದ್ದೆವು, ಅವಳು ಹಿಂದೆ ಕಲ್ಲು ಹೂಡಿ ನೂರಾರು ಹೊಟ್ಟೆಗೆ ಬೇಯಿಸುತ್ತಿದ್ದಳು. ಯಾರು ಏನು ತಂದು ಸುರಿದರೂ ಅದರಲ್ಲೇ ಒಂದು ಊಟ ಎಬ್ಬಿಸುವಳು. ನಮ್ಮ ಭಾಷಣಕ್ಕೆ ಬಂದವರಿಗಿಂತ ಅವಳ ಪಾತ್ರೆಯ ವಾಸನೆಗೆ ಬಂದವರೇ ಹೆಚ್ಚು. ಮುಷ್ಕರ ಸೋತಿತು, ಕಾರ್ಖಾನೆ ಮುಚ್ಚಿತು. ನಮ್ಮಲ್ಲಿ ಕೆಲವರು ಮುಖಂಡರಾದರು, ಕೆಲವರು ಕುಡುಕರಾದರು, ಒಂದಿಬ್ಬರು ಎರಡೂ ಆದರು. ಅವಳು ಹಿಮಾಲಯದ ಶಿಖರಗಳಿಗೆ ಜನರನ್ನು ಹತ್ತಿಸುವ ಒಂದು ಕಂಪನಿಯ ಉಗ್ರಾಣ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಸೇರಿಸಿದವನು ಅವಳ ತಮ್ಮ, ಆ ಕಂಪನಿಯ ಮುಖ್ಯ ಗೈಡು. ಅವನನ್ನು ಎಲ್ಲರೂ ಲೀಡರ್ ಎನ್ನುತ್ತಾರೆ. ಅವಳೊಬ್ಬಳು ಮಾತ್ರ "ಲೋ" ಎನ್ನುತ್ತಾಳೆ.

ಕಚೇರಿ ಒಂದು ಟೈರ್ ಅಂಗಡಿಯ ಮೇಲೆ, ಉಗ್ರಾಣ ಅದರ ಕೆಳಗಿನ ನೆಲಮಾಳಿಗೆಯಲ್ಲಿ. ಮೆಟ್ಟಿಲಿಳಿದರೆ ರಬ್ಬರು, ಸೀಮೆಎಣ್ಣೆ, ಒದ್ದೆ ಹಗ್ಗ, ಮೂರೂ ಸೇರಿದ ಒಂದು ವಾಸನೆ ಮೂಗಿಗೆ ಹೊಡೆಯುತ್ತದೆ. ಅಲ್ಲಿ ಅವಳದೇ ರಾಜ್ಯ. ಡೇರೆಗಳನ್ನು ಬಿಚ್ಚಿ ಮೂಸುವುದು, ಒಲೆಗಳನ್ನು ಹೊತ್ತಿಸಿ ನೋಡುವುದು, ಒಂದೊಂದು ಶಿಬಿರದ ಊಟವನ್ನು ಒಂದೊಂದು ಬಣ್ಣದ ಟೇಪು ಸುತ್ತಿ ಚೀಲಕ್ಕೆ ತುಂಬುವುದು. ಎತ್ತರಕ್ಕೆ ಹೋದಂತೆ ನಾಲಿಗೆ ಸಾಯುತ್ತದೆ, ಹಸಿವೂ ಸಾಯುತ್ತದೆ. ಆದ್ದರಿಂದ ಹತ್ತಲು ಬರುವ ಗಿರಾಕಿಗಳಿಗೆ ಅವಳು ಕೇಳುವುದು ಒಂದೇ ಪ್ರಶ್ನೆ: "ಜ್ವರ ಬಂದಾಗ ಏನು ತಿನ್ಬೇಕು ಅನ್ಸುತ್ತೆ?" ಒಬ್ಬ ಹಲ್ಲಿನ ಡಾಕ್ಟರು ನಾಚಿಕೊಂಡು "ಹಾಲಲ್ಲಿ ಅದ್ದಿದ ಬಿಸ್ಕತ್ತು" ಅಂದಿದ್ದ. "ನಾಚ್ಕೋಬೇಡಿ ಸ್ವಾಮಿ, ಅಲ್ಲಿ ಮೇಲೆ ಎಲ್ಲರೂ ಎಳೆಮಕ್ಕಳೇ" ಎಂದು ಇವಳು ಅವನ ಚೀಲಕ್ಕೆ ಬಿಸ್ಕತ್ತು ತುರುಕಿದಳು.

ಆ ಡಾಕ್ಟರು ಬಂದ ಸಲದ ಶಿಖರ ಮಾಮೂಲಿಯದಲ್ಲ. ರಸ್ತೆ ಮುಗಿದ ಮೇಲೂ ಎಷ್ಟೋ ದಿನ ನಡೆಯಬೇಕು. ಹತ್ತಿದವರು ಬೆರಳೆಣಿಕೆಯಷ್ಟು ಜನ. ಕೊನೆಯಲ್ಲಿ ಗರಗಸದಂಥ ಒಂದು ಉದ್ದನೆಯ ಏಣು, ಬೆಟ್ಟದ ಬೆನ್ನೆಲುಬಿನ ಹಾಗೆ, ಎರಡೂ ಕಡೆ ಏನೂ ಇಲ್ಲ. ಅಲ್ಲಿ ಮುಂದೆ ಹೋಗುವವನು ಬಂಡೆಗೆ ಹಗ್ಗ ಕಟ್ಟುತ್ತಾ ಹೋಗಬೇಕು, ಹಿಂದಿನವರು ಆ ಹಗ್ಗವನ್ನು ನಂಬಿ ನಡೆಯಬೇಕು. ಹೆಲಿಕಾಪ್ಟರ್ ಅಷ್ಟೆತ್ತರಕ್ಕೆ ಬರುವುದಿಲ್ಲ. ಚಳಿಗಾಲವಿಡೀ ಮಾಲೀಕ, ಲೀಡರು, ಎರಡನೇ ಗೈಡು ನಕಾಶೆಯ ಮುಂದೆ ಕೂತು ಜಗಳವಾಡಿದರು. ಅನುಮತಿ ಸಿಕ್ಕಿತು. ಗಿರಾಕಿಗಳು ನಾ ಮುಂದು ತಾ ಮುಂದು ಎಂದು ಬಂದರು.

ಬಂದದ್ದು ಶಿಖರಕ್ಕಲ್ಲ, ಲೀಡರಿಗಾಗಿ. ಎರಡು ವರ್ಷದ ಹಿಂದೆ ಮೇಲೆ ಒಬ್ಬ ಗಿರಾಕಿಯ ಕೈಗವಸು ಗಾಳಿಗೆ ಹಾರಿಹೋದಾಗ ಇವನು ತನ್ನದನ್ನೇ ಬಿಚ್ಚಿ ಕೊಟ್ಟು ಕೆಳಗಿಳಿಸಿಕೊಂಡು ಬಂದಿದ್ದ. ಪತ್ರಿಕೆಯಲ್ಲಿ ಬಂತು. ಕಂಪನಿಯ ಜಾಹೀರಾತಿನ ಮೊದಲ ಪುಟಕ್ಕೂ ಬಂತು. ಆಮೇಲೆ ಅವನ ಕೈ ಏನಾಯಿತು ಎಂದು ಯಾರೂ ಬರೆಯಲಿಲ್ಲ, ಯಾರೂ ಕೇಳಲೂ ಇಲ್ಲ. ಬೆರಳು ಉಳಿದಿದ್ದವು. ವಾಸಿಯಾಯಿತು ಅಂದ. ಅಕ್ಕನೂ ನಂಬಿದಳು.

ಒಂದು ಬೆಳಿಗ್ಗೆ ಅವಳ ಅಡುಗೆಮನೆಯಲ್ಲಿ ಅವನು ಒಲೆಯ ಮುಂದೆ ನಿಂತು ಯಾರದೋ ತಮಾಷೆ ಹೇಳುತ್ತಿದ್ದ. ಮೊಟ್ಟೆ ಕರಿಯುತ್ತಿದ್ದ ಬಾಣಲೆಯ ಹಿಡಿ ಕಬ್ಬಿಣದ್ದು. ಅದನ್ನು ಬರಿಗೈಯಲ್ಲಿ ಎತ್ತಿ ಹಿಡಿದುಕೊಂಡೇ ಮಾತಾಡುತ್ತಿದ್ದ. ಅವಳಿಗೆ ಮೊದಲು ಬಂದದ್ದು ವಾಸನೆ.

"ಲೋ, ಕೈ! ಕೈ ಬಿಡೋ!"

ಅವನು ಬಾಣಲೆ ಇಳಿಸಿ ಅಂಗೈ ನೋಡಿಕೊಂಡ. ಬೇರೆ ಯಾರದೋ ಕೈ ನೋಡಿದ ಹಾಗೆ ನೋಡಿದ. ಚರ್ಮ ಬಿಳಿಚಿ ಸುಲಿದಿತ್ತು.

"ಯಾವಾಗಿಂದ?" ಅಂದಳು.

"ಏನು ಯಾವಾಗಿಂದ?"

"ನನ್ ಹತ್ರ ಆಟ ಆಡ್ಬೇಡ. ಕೈಗೆ ಗೊತ್ತಾಗದೇ ಇರೋದು ಯಾವಾಗಿಂದ?"

ಅವನು ಒಲೆ ಆರಿಸಿ ಹೇಳಿದ: "ಅವತ್ತಿಂದ. ಬಲಗೈ ಪೂರ್ತಿ ಮರ. ಎಡಗೈ ಅರ್ಧ. ಕಣ್ಣಲ್ಲಿ ನೋಡ್ಕೊಂಡು ಕೆಲಸ ಮಾಡ್ತೀನಿ, ನಡೀತಾ ಇದೆ."

"ಮೇಲೆ ಮಂಜು ಮುಸುಕಿದ್ರೆ? ಗವಸು ಹಾಕಿದ್ರೆ? ಅಷ್ಟು ಜನರ ಜೀವ ನಿನ್ನ ಗಂಟಿನ ಮೇಲೆ ನೇತಾಡ್ತಿರುತ್ತಲ್ಲೋ!"

"ಹೋಗ್ಬೇಡ ಅಂತೀಯ. ಸರಿ. ಹೋಗದೆ ಏನ್ ಮಾಡ್ಲಿ ಹೇಳು. ಕಚೇರಿ ಕೆಳಗೆ ಟೈರಿಗೆ ಗಾಳಿ ಹಾಕ್ಲಾ? ಅದಕ್ಕೂ ಬೆರಳು ಬೇಕು. ಅಲ್ಲಿ ನಾನು ಲೀಡರು. ಇಲ್ಲಿ ಗುಂಡಿ ಹಾಕ್ಕೊಳ್ಳೋಕೆ ಬರದೇ ಇರೋ ಒಬ್ಬ ಗಂಡಸು." ಅಂಗೈಗೆ ಬಟ್ಟೆ ಸುತ್ತು ಎಂದು ಕೈ ಚಾಚಿದ. "ಯಾರಿಗೂ ಹೇಳ್ಬೇಡ್ವೇ ಅಕ್ಕ."

ಅವಳು ಬಟ್ಟೆ ಸುತ್ತಿದಳು. ಹೇಳುವುದಿಲ್ಲ ಎಂದು ಮಾತು ಕೊಡಲಿಲ್ಲ. ಕೂಡಿ ಆಡಿದ ತಮ್ಮ, ತಾಯಿ ಸತ್ತ ಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದವನು. ಅವನ ಹೊಟ್ಟೆಯ ಮೇಲೆ ತಾನೇ ಕಲ್ಲು ಹಾಕುವುದು ಹೇಗೆ? ಹಾಕದೇ ಇರುವುದು ಹೇಗೆ? ಮೂರು ದಿನ ಒದ್ದಾಡಿ ಮೇಲೆ ಹತ್ತಿ ಮಾಲೀಕನ ಬಾಗಿಲು ತಟ್ಟಿದಳು.

ಮಾಲೀಕ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದಾದರೂ ಬರಬಹುದಿತ್ತು. ಕುರ್ಚಿ ಎಳೆದು ಕೂರಿಸಿದ, ಚಹ ತರಿಸಿದ, ಪೂರ್ತಿ ಕೇಳಿಸಿಕೊಂಡ.

"ನನಗೆ ಗೊತ್ತಿಲ್ವಾ ಅಕ್ಕ? ಹೋದ ವರ್ಷಾನೇ ನೋಡಿದೀನಿ. ಅವನ ತಲೆ ಬೇಕು ನನಗೆ. ಗಾಳಿ ನೋಡಿ ಯಾವಾಗ ಹತ್ಬೇಕು ಅಂತ ಹೇಳ್ತಾನಲ್ಲ, ಅದು ಯಾರಿಗೂ ಬರಲ್ಲ. ಹಗ್ಗದ ಕೆಲಸ ಎರಡನೇ ಗೈಡು ಮಾಡ್ತಾನೆ."

"ಎರಡನೆಯವನಿಗೆ ಇದು ಗೊತ್ತಾ?"

"ಹೇಳಿದ್ರೆ ಬರ್ತಾನಾ?"

"ಮತ್ತೆ ಆ ಗಿರಾಕಿಗಳಿಗೆ?"

ಮಾಲೀಕ ನಕ್ಕ. "ಅವರು ಬಂದಿರೋದೇ ಅವನ ಹೆಸರಿಗೆ. ಅವನಿಲ್ಲ ಅಂದ್ರೆ ಯಾತ್ರೆ ಇಲ್ಲ. ಯಾತ್ರೆ ಇಲ್ಲ ಅಂದ್ರೆ ಈ ಕಚೇರಿ ಇಲ್ಲ. ಚಹ ಆರಿಹೋಗುತ್ತೆ, ಕುಡೀರಿ."

ಅವಳು ಚಹ ಕುಡಿದು ಕೆಳಗಿಳಿದಳು. ಅದನ್ನು ನನಗೆ ಹೇಳುವಾಗ ಅವಳಿಗೆ ಹೆಚ್ಚು ಸಿಟ್ಟು ಬಂದದ್ದು ಆ ಚಹದ ಮೇಲೆ. "ಲೋಟ ಅಲ್ಲೇ ಇಟ್ಟು ಎದ್ದು ಬರೋಕಾದ್ರೂ ಆಗ್ಬಾರ್ದಿತ್ತಾ ಅಣ್ಣ ನನಗೆ?" ನಾನು ಆಯಸ್ಸಿಡೀ ಗೇಟುಗಳ ಮುಂದೆ ಕೂತು ಬಂದವನು. ಮಂತ್ರಿಯ ಕಾರಿಗೆ ಅಡ್ಡ ಮಲಗಿದ್ದೇನೆ. ಇಲ್ಲಿ ಯಾವ ಗೇಟಿಗೆ ಅಡ್ಡ ಮಲಗಬೇಕೆಂದು ನನಗೂ ಹೊಳೆಯಲಿಲ್ಲ.

ಆ ಕಂಪನಿಯಲ್ಲಿ ಒಂದು ಪದ್ಧತಿಯಿದೆ. ಹೊರಡುವ ಮೊದಲು ಎಲ್ಲರನ್ನೂ ಮೇಲಿನ ಹಜಾರದಲ್ಲಿ ಸೇರಿಸಿ ಸಾಮಾನೆಲ್ಲ ನೆಲದ ಮೇಲೆ ಹರಡುತ್ತಾರೆ. ಆಮೇಲೆ ಪ್ರತಿಯೊಬ್ಬರೂ ದಪ್ಪ ಗವಸು ತೊಟ್ಟು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಸೊಂಟದ ಪಟ್ಟಿಗೆ ಹಗ್ಗದ ಗಂಟು ಹಾಕಬೇಕು. ಲೀಡರು ಒಂದೊಂದೇ ಗಂಟನ್ನು ಜಗ್ಗಿ ನೋಡುತ್ತಾನೆ. ಸಡಿಲವಾದರೆ ಮತ್ತೆ ಕಟ್ಟಿಸುತ್ತಾನೆ. ಎರಡನೇ ಗೈಡೂ ಕಟ್ಟಬೇಕು, ಅಡುಗೆಯವನೂ ಕಟ್ಟಬೇಕು. ಲೀಡರು ಮಾತ್ರ ಕಟ್ಟುವುದಿಲ್ಲ. ಪರೀಕ್ಷೆ ಮಾಡುವವನನ್ನು ಪರೀಕ್ಷೆ ಮಾಡಬೇಕೆಂದು ಯಾರಿಗೂ ಯಾವತ್ತೂ ತೋಚಿರಲಿಲ್ಲ.

ಉಗ್ರಾಣದಕ್ಕನಿಗೆ ತೋಚಿತು. ಗವಸುಗಳ ಬುಟ್ಟಿ ಹಿಡಿದು ನಿಂತಿದ್ದವಳು ಹಗ್ಗದ ತುದಿಯನ್ನು ತಮ್ಮನ ಕೈಗೆ ತುರುಕಿ ಎಲ್ಲರಿಗೂ ಕೇಳುವಂತೆ ಅಂದಳು: "ಮೊದಲು ನೀನು ಕಟ್ಟಿ ತೋರ್ಸು. ಇವರೆಲ್ಲ ನೋಡ್ಲಿ."

ಗಿರಾಕಿಗಳು ಹುರುಪಿನಿಂದ ಹತ್ತಿರ ಸರಿದರು. ಮಾಲೀಕ ಬಾಗಿಲ ಬಳಿ ನಿಂತಲ್ಲೇ ಕಲ್ಲಾದ. ತಮ್ಮ ಅಕ್ಕನ ಮುಖವನ್ನೇ ನೋಡಿದ. ಅವನಿಗೆ ಅರ್ಥವಾಯಿತು. ಅರ್ಥವಾಗಲಿ ಎಂದೇ ಅವಳು ಕಣ್ಣು ಕೀಳಲಿಲ್ಲ.

ಅವನು ಗವಸು ತೊಟ್ಟ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡ. ಹಗ್ಗ ಎರಡು ಸಲ ಕೈಯಿಂದ ಜಾರಿತು. ಮೂರನೆಯ ಸಲ ತುದಿಯನ್ನು ಕಂಕುಳಲ್ಲಿ ಒತ್ತಿ ಹಿಡಿದು, ತಲೆ ಬಗ್ಗಿಸಿ, ಹಗ್ಗವನ್ನು ಬಾಯಲ್ಲಿ ಕಚ್ಚಿದ. ಹಲ್ಲಲ್ಲೇ ಸುತ್ತು ಎಳೆದ, ತುಟಿಯಲ್ಲೇ ತಡಕಿ ತುದಿ ಹುಡುಕಿದ, ಮತ್ತೆ ಕಚ್ಚಿ ಜಗ್ಗಿದ. ನಾಯಿ ಎಲುಬು ಎಳೆಯುವ ಹಾಗೆ ಕತ್ತು ಅಲ್ಲಾಡುತ್ತಿತ್ತು. ಜೊಲ್ಲು ಎದೆಯ ಮೇಲೆ ಇಳಿಯಿತು. ಉಗ್ರಾಣದಕ್ಕ ನೆಲ ನೋಡತೊಡಗಿದಳು. ಈಗಲಾದರೂ ಗೊತ್ತಾಗುತ್ತದೆ, ಈಗ ಯಾರಾದರೂ ಕೇಳುತ್ತಾರೆ ಅಂದುಕೊಂಡಳು.

ಗಂಟು ಬಿತ್ತು. ಹಲ್ಲಿನ ಡಾಕ್ಟರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ.

"ಅಂದ್ರೆ ಬೆರಳು ಮರಗಟ್ಟಿದ್ರೂ ಹೀಗೆ ಕಟ್ಟಬಹುದು! ಅಬ್ಬಾ, ಇದನ್ನ ಯಾವ ಪುಸ್ತಕದಲ್ಲೂ ಹೇಳಿಲ್ಲ. ನಮಗೂ ಕಲಿಸಿ ಲೀಡರ್."

ಎಲ್ಲರೂ ಹಗ್ಗ ಕಚ್ಚಿದರು. ಹಜಾರದ ತುಂಬ ದೊಡ್ಡ ದೊಡ್ಡ ಮನುಷ್ಯರು ಬಾಯಲ್ಲಿ ಹಗ್ಗ ಇಟ್ಟುಕೊಂಡು ಉಬ್ಬಸ ಪಡುತ್ತಾ, ನಗುತ್ತಾ, ಒಬ್ಬರನ್ನೊಬ್ಬರು ಅಣಕಿಸುತ್ತಾ ಅಭ್ಯಾಸ ಮಾಡಿದರು. "ನಿಮಗೇನ್ರೀ, ಹಲ್ಲು ಹೋದ್ರೆ ನೀವೇ ಕಟ್ಕೋತೀರಿ" ಎಂದು ಯಾರೋ ಡಾಕ್ಟರಿಗೆ ಅಂದರು. ಮಾಲೀಕ ಬೆವರು ಒರೆಸಿಕೊಂಡು, ಇನ್ನು ಮೇಲೆ ಪ್ರತಿ ಯಾತ್ರೆಗೂ ಇದನ್ನು ಕಲಿಸುವುದಾಗಿ ಘೋಷಿಸಿದ.

"ಅಯ್ಯೋ, ಅವನಿಗೆ ಕೈ ಬರಲ್ಲ ಕಣ್ರೀ!" ಉಗ್ರಾಣದಕ್ಕ ಕೂಗಿಯೇಬಿಟ್ಟಳು. "ನಿಜವಾಗ್ಲೂ ಬರಲ್ಲ. ಮುಟ್ಟಿದ್ರೆ ಗೊತ್ತಾಗಲ್ಲ ಅವನಿಗೆ!"

ಡಾಕ್ಟರು ಬಂದು ಅವಳ ಭುಜ ಹಿಡಿದ. ಅವನ ಕಣ್ಣು ಒದ್ದೆಯಾಗಿತ್ತು. "ಗೊತ್ತಮ್ಮ. ಆ ಕೈಯನ್ನೇ ಅಲ್ವಾ ಅವರು ಇನ್ನೊಬ್ಬರಿಗೋಸ್ಕರ ಕೊಟ್ಟಿದ್ದು. ಅದಕ್ಕೇ ನಾವು ಅವರ ಜೊತೆ ಹೋಗ್ತಿರೋದು."

ಗುಟ್ಟು ಬಯಲಾದರೆ ಅದೇ ಒಂದು ಹಾರವಾಗಿ ಅವನ ಕೊರಳಿಗೆ ಬೀಳುತ್ತದೆ ಎಂದು ಯಾರಿಗೆ ಗೊತ್ತಿತ್ತು. ಅವಳು ಬುಟ್ಟಿ ಎತ್ತಿಕೊಂಡು ನೆಲಮಾಳಿಗೆಗೆ ಇಳಿದಳು.

ಸಂಜೆ ತಮ್ಮ ಬಂದು ಬಾಗಿಲಲ್ಲಿ ನಿಂತ.

"ನನ್ನ ಮಾನ ಕಳೀಬೇಕು ಅಂತಿದ್ಯಾ?"

"ನಿನ್ನ ಉಳಿಸಿಕೊಳ್ಳೋಣ ಅಂತಿದ್ದೆ."

"ಆಯ್ತಲ್ಲ, ಈಗ ನೋಡಿದ್ಯಲ್ಲ. ಕಟ್ಟೋಕೆ ಬರುತ್ತೆ ನನಗೆ."

"ಇಲ್ಲಿ ಬರುತ್ತೆ, ಫ್ಯಾನಿನ ಕೆಳಗೆ. ಅಲ್ಲಿ ಗಾಳಿಗೆ ಬಾಯಿ ತೆರೆಯೋಕಾಗುತ್ತೇನೋ? ಮುಖಕ್ಕೆ ಮಾಸ್ಕ್ ಹಾಕ್ಕೊಂಡಿರ್ತೀಯಲ್ಲೋ ಬೆಪ್ಪೇ!"

ಅವನು ಬೂಟಿನ ಪೆಟ್ಟಿಗೆಯ ಮೇಲೆ ಕೂತು ಕಾಲು ಮುಂದೆ ಚಾಚಿದ. ಬೂಟಿನ ಲೇಸು ಬಿಚ್ಚಿಹೋಗಿತ್ತು. ಅವಳು ಕುಕ್ಕರಗಾಲಲ್ಲಿ ಕೂತು ಕಟ್ಟಿದಳು.

ಅವರು ಹೊರಟರು. ಹೋದಷ್ಟು ದಿನವೂ ಕಚೇರಿಯ ಫೋನಿನ ಪಕ್ಕ ಕೂರುವುದು ಇವಳ ಕೆಲಸ. ಮೇಲಿಂದ ಬರುವ ಸುದ್ದಿಯನ್ನು ಮನೆಮನೆಗೆ ತಿಳಿಸಬೇಕು. ಏಣು ಹತ್ತುವ ಹಿಂದಿನ ದಿನ ತಮ್ಮನ ದನಿ ಬಂತು. "ಹಗ್ಗ ಯಾರು ಕಟ್ತಾರೋ?" ಎಂದು ಕೇಳಿದಳು. "ಎರಡನೆಯವನು" ಅಂದ. "ನನ್ನಾಣೆ ಹೇಳು." "ಗಾಳಿ ಜಾಸ್ತಿ ಅಕ್ಕ, ಏನೂ ಕೇಳಿಸ್ತಿಲ್ಲ" ಎಂದು ಇಟ್ಟುಬಿಟ್ಟ. ಎದುರಿಗೆ ಡಾಕ್ಟರ ಹೆಂಡತಿ ಕೂತಿದ್ದಳು. "ಏನಂತೆ?" ಎಂದಳು. ಇವಳು ಹೇಳಿದ್ದು ಇಷ್ಟೇ: "ಎಲ್ಲ ಚೆನ್ನಾಗಿದ್ದಾರಂತೆ." ನಿಜ ಹೇಳಿ ಆ ಹೆಂಗಸಿನ ನಿದ್ದೆ ಕೆಡಿಸಿದರೆ ಮೇಲಿನ ಹಗ್ಗವೇನೂ ಬಿಗಿಯಾಗುವುದಿಲ್ಲವಲ್ಲ.

ಅವರು ಹತ್ತಿದರು. ಇಳಿದರು. ಹೋದವರೆಲ್ಲ ವಾಪಸು ಬಂದರು, ಮುಖ ಸುಟ್ಟುಕೊಂಡು, ಮೈ ಅರ್ಧ ಇಳಿದುಹೋಗಿ, ಜಗತ್ತು ಗೆದ್ದವರ ಹಾಗೆ. ಮಾಲೀಕ ಮೆಟ್ಟಿಲ ಮೇಲಿಂದಲೇ ಕೂಗಿದ: "ನೋಡಿದ್ರಾ ಅಕ್ಕ? ಸುಮ್ನೆ ಹೆದರ್ಕೊಂಡ್ರಿ." ಅವಳಿಗೆ ಕಣ್ಣಲ್ಲಿ ನೀರು ಬಂತು. ತಮ್ಮ ಬದುಕಿ ಬಂದ ಸಂತೋಷವೂ ಇತ್ತು. ಇನ್ನು ಮುಂದೆ ತನ್ನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲವೆಂಬುದೂ ಗೊತ್ತಾಯಿತು. ಗೋಡೆಯ ಮೇಲೆ ಆಗಲೇ ಮತ್ತೊಂದು ಶಿಖರದ ನಕಾಶೆ ತೂಗುಬಿದ್ದಿತ್ತು.

ಮಾರನೆಯ ದಿನ ಎರಡನೇ ಗೈಡು ಸಾಮಾನು ಒಪ್ಪಿಸಲು ನೆಲಮಾಳಿಗೆಗೆ ಬಂದ. ನಡುವಯಸ್ಸಿನವನು, ಎರಡು ಮಕ್ಕಳ ತಂದೆ, ಹೆಚ್ಚು ಮಾತಿಲ್ಲ. ಎಲ್ಲ ಇಟ್ಟ ಮೇಲೂ ಹೋಗದೆ ನಿಂತ.

"ಅಕ್ಕ, ನಾನು ಬಿಡ್ತಿದೀನಿ. ಬೇರೆ ಕಡೆ ನೋಡ್ಕೋತೀನಿ."

"ಯಾಕಪ್ಪ?"

"ಅವತ್ತು ನೀವು ಕೂಗಿದಾಗ ನಾನೂ ನಂಬಿರ್ಲಿಲ್ಲ. ಏಣಿನ ಮೇಲೆ ಲೀಡರು ಕಟ್ಟಿದ ಗಂಟು. ನಾನು ಕೈ ಇಟ್ಟೆ, ಬಿಚ್ಕೊಂಡು ಬಂತು. ನನ್ನ ಹಿಂದೆ ಆ ಡಾಕ್ಟರು. ನಾನು ಮತ್ತೆ ಕಟ್ಟಿದೆ. ಯಾರೂ ನೋಡ್ಲಿಲ್ಲ."

ಅವಳು ಅವನ ತೋಳು ಹಿಡಿದಳು. "ನೀನಾದ್ರೂ ಯಜಮಾನರಿಗೆ ಹೇಳಪ್ಪ. ನನ್ನ ಮಾತು ಕೇಳಲ್ಲ ಅವರು."

"ಹೇಳ್ಬಿಟ್ಟೇ ಬಂದೆ."

"ಏನಂದ್ರು?"

"ನಿನ್ನ ಜಾಗಕ್ಕೆ ಕೈ ಗಟ್ಟಿ ಇರೋರು ಯಾರಾದ್ರೂ ಗೊತ್ತಿದ್ರೆ ಹೇಳು ಅಂದ್ರು."

ಮೇಲಿಂದ ತಮ್ಮನ ದನಿ ಕೇಳಿಸಿತು, ಖುಷಿಯಲ್ಲಿ ಒಡೆದ ದನಿ. "ಅಕ್ಕಾ! ಬಾರೇ ಬೇಗ, ಎಲ್ಲರೂ ಫೋಟೋಗೆ ನಿಂತಿದ್ದಾರೆ. ನೀನಿಲ್ದೆ ಹೆಂಗೆ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲು ಹತ್ತಿದಳು. ಹೋಗಿ ಅವನ ಪಕ್ಕ ನಿಂತಳು.