ಉಪ್ಪಿನಕಾಯಿ ಬಡಿಸಿದ ಆರು ಸೆಕೆಂಡು

ಅಂಗಡಿಯ ಮೆಟ್ಟಿಲು ಹತ್ತುವವರನ್ನು ನೋಡಿದ ಕೂಡಲೇ ಇವರು ಕೊಳ್ಳುವವರೋ, ಬರೀ ಕೆದಕುವವರೋ, ಬಸ್ಸು ಬರುವವರೆಗೆ ಫ್ಯಾನಿನ ಗಾಳಿಗೆ ನಿಲ್ಲುವವರೋ ಎಂದು ಗೊತ್ತಾಗಬೇಕು. ಗೊತ್ತಾಗದವನು ಶಿರಸಿ ಹಳೆ ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಇಡಬಾರದು. ತನುಜಾ ಮೊದಲ ಸಲ ಬಂದಾಗ ನಾನು ಅವಳನ್ನು ಫ್ಯಾನಿನ ಗಾಳಿಯವರ ಪೈಕಿಗೆ ಸೇರಿಸಿದೆ. ಕೊಡೆಯ ಬಟ್ಟೆ ಒಂದರದ್ದು, ಹಿಡಿ ಇನ್ನೊಂದರದ್ದು. ಚಪ್ಪಲಿಯ ಬಾರಿಗೆ ಪಿನ್ನು. ಹೆಗಲಿಗೆ ಗೊಬ್ಬರದ ಚೀಲ ಕತ್ತರಿಸಿ ಮಾಡಿದ ಕೈಚೀಲ. ಆದರೆ ಆ ಚೀಲದ ಹೊಲಿಗೆ ಎರಡು ಸಾಲು, ಎಲ್ಲೂ ಒಂದು ಎಳೆ ಸೊಟ್ಟ ಇಲ್ಲ. ಅವಳೇ ಹೊಲಿದದ್ದು ಎಂದು ಆಮೇಲೆ ಗೊತ್ತಾಯಿತು. ಹೊಲಿಗೆ ನನ್ನ ಕಣ್ಣಿಗೆ ಬಿದ್ದಿತ್ತು, ನಾನು ಅದಕ್ಕೆ ಬೆಲೆ ಕಟ್ಟಲಿಲ್ಲ.

ಅದು ೨೦೦೭ರ ಜನವರಿ. ನನ್ನದು ಮೊದಲು ಕ್ಯಾಸೆಟ್ ಅಂಗಡಿ. ಆಮೇಲೆ ಮದುವೆಗಳ ವಿಡಿಯೋ ಶುರುಮಾಡಿದೆ. ಕ್ಯಾಸೆಟ್ ಸತ್ತ ಮೇಲೆ ಒಂದು ಕಂಪ್ಯೂಟರ್ ಕೊಂಡು ಎಡಿಟಿಂಗ್, ಸಿಡಿ ಕಾಪಿ ಎಲ್ಲ ಒಂದೇ ಮಾಡಿನ ಕೆಳಗೆ ಇಟ್ಟುಕೊಂಡೆ.

"ನಾಗಪತಣ್ಣ ಅಂದ್ರೆ ನೀವೇಯಾ?" ಎಂದಳು.

"ಹೌದು ತಂಗಿ. ಎಂತ ಆಗ್ಬೇಕು?"

"ನಮ್ಮ ಕ್ಲಾಸಿಂದ ಒಂದು ಹಾಡು ಮಾಡಿದ್ದೇವೆ. ಅದಕ್ಕೆ ವಿಡಿಯೋ ಮಾಡ್ಬೇಕು. ಕಾಲೇಜಿನ ವಾರ್ಷಿಕ ಗ್ಯಾದರಿಂಗಿಗೆ ತೋರಿಸೂಕೆ. ನಿಮ್ಮ ಕ್ಯಾಮೆರಾ, ನಿಮ್ಮ ಕಂಪ್ಯೂಟರ್ ಬೇಕು. ಎಡಿಟಿಂಗ್ ನಾನೇ ಮಾಡ್ತೆ."

"ನಾನು ಬ್ಯಾಡ್ವಾ ಹಂಗಾದ್ರೆ?"

"ಕರೆಂಟು ಹೋದ್ರೆ ಬೇಕಾಗ್ತದೆ," ಎಂದಳು, ನಗದೆ.

ಬಿ.ಕಾಂ. ಕೊನೆಯ ವರ್ಷದ ಹುಡುಗಿ. ಸಿದ್ದಾಪುರದ ಕಡೆಯ ಹಳ್ಳಿಯಿಂದ ದಿನಾ ಬಸ್ಸಿಗೆ ಶಿರಸಿಗೆ ಬಂದು ಹೋಗುವವಳು. ಅಪ್ಪ ಕೆರಿಯಪ್ಪ, ಸ್ವಲ್ಪ ಗದ್ದೆ ಇದ್ದವ. ಕಂಪ್ಯೂಟರ್ ಕ್ಲಾಸಿನಲ್ಲಿ ಮೂರು ತಿಂಗಳು ಕಲಿತದ್ದಷ್ಟೇ. ಆದರೆ ಮೌಸು ಹಿಡಿದು ಕೂತರೆ ಹೊಲಿಗೆ ಯಂತ್ರದ ಮುಂದೆ ಕೂತ ಹಾಗೆ, ಬೆನ್ನು ನೆಟ್ಟಗೆ, ಕಣ್ಣು ಸೂಜಿಯ ಮೊನೆಯಲ್ಲಿ.

ಹಾಡು ಇವರು ಬರುವ ಬಸ್ಸಿನ ಮೇಲೆ. "ಎಂಟು ಹತ್ತರ ಬಸ್ಸೇ, ಎಲ್ಲಿ ನಿಂತೆ ಹೇಳೇ" ಎಂದು ಶುರುವಾಗುತ್ತದೆ. ಹಾಡಿದವಳು ಸ್ಫೂರ್ತಿ, ಹುಲೇಕಲ್ಲಿನ ಹುಡುಗಿ, ಒಳ್ಳೆಯ ಶಾರೀರ. ಕೀಬೋರ್ಡು ಶಶಾಂಕನದು. ಅವನ ಕೈಗಿಂತ ಕೂದಲು ಹೆಚ್ಚು ಆಡುತ್ತಿತ್ತು. ಅಂಗಡಿಯ ಹಿಂದಿನ ಕೋಣೆಗೆ ಎರಡು ಹಾಸಿಗೆ ಒರಗಿಸಿ ಹಾಡು ರೆಕಾರ್ಡ್ ಮಾಡಿದೆವು. ನಾಲ್ಕನೆಯ ಸಲದ್ದು ಸರಿಯಾಗಿ ಬಂತು. ಮೊದಲ ಮೂರರಲ್ಲೂ ಹೊರಗೆ ಹಾರ್ನ್ ಕೇಳಿತ್ತು. ಬಸ್ಸಿನ ಹಾಡಿಗೆ ಹಾರ್ನ್ ಇದ್ದರೇನು ಎಂದೆ. "ಹಾರ್ನು ನಮಗೆ ಬೇಕಾದಲ್ಲಿ ಬರ್ಬೇಕು, ಅದಕ್ಕೆ ಬೇಕಾದಲ್ಲಿ ಅಲ್ಲ" ಎಂದಳು ತನುಜಾ.

ಮಾರನೆಯ ದಿನ ಅವಳು ತನ್ನ ಷರತ್ತು ಹೇಳಿದಳು. ವಿಡಿಯೋದಲ್ಲಿ ಯಾರ ಮುಖವೂ ಇರುವುದಿಲ್ಲ. ಬರೀ ಕೈಗಳು. ಬಸ್ಸಿನ ಸರಳು ಹಿಡಿದ ಕೈ, ಪಾಸು ತೋರಿಸುವ ಕೈ, ಟಿಫಿನ್ ಡಬ್ಬಿ ಮಡಿಲಲ್ಲಿ ಒತ್ತಿಕೊಂಡ ಕೈ, ಚಿಲ್ಲರೆ ಎಣಿಸುವ ಕಂಡಕ್ಟರನ ಕೈ.

"ಇದು ಯಾವ ಸೀಮೆ ವಿಡಿಯೋ ತಂಗಿ? ಮುಖ ಇಲ್ಲದಿದ್ರೆ ಯಾರು ನೋಡ್ತಾರೆ?"

ಅವಳು ಕಾರಣ ಹೇಳಿದಳು.

ಇಲ್ಲಿ ನನ್ನ ದಂಧೆಯ ಒಂದು ಗುಟ್ಟು ಹೇಳಬೇಕು. ಮದುವೆ ಕ್ಯಾಸೆಟ್ಟನ್ನು ಮದುವೆಯಾದವರು ಎರಡು ಸಲ ನೋಡುತ್ತಾರೆ. ಬಾಕಿ ಸಲವೆಲ್ಲ ನೋಡುವವರು ಮನೆಯಲ್ಲಿ ಗಂಡು ಬೆಳೆದು ನಿಂತವರು. ಊಟದ ಪಂಕ್ತಿ ಬಂದಾಗ ನಿಲ್ಲಿಸು ಎನ್ನುತ್ತಾರೆ. ಬಡಿಸುವ ಹುಡುಗಿಯರಲ್ಲಿ ಒಬ್ಬಳನ್ನು ತೋರಿಸಿ ಇದು ಯಾರ ಮನೆಯದು ಎಂದು ಕೇಳುತ್ತಾರೆ. ಹೆಣ್ಣು ನೋಡಲು ಹೋಗಿ ಚಾ ಅವಲಕ್ಕಿ ತಿಂದು ಬೇಡ ಎನ್ನುವ ಮುಜುಗರ ಇಲ್ಲ. ಹಾಗೆ ಕೂಡಿಬಂದ ಸಂಬಂಧಗಳ ಹೆಮ್ಮೆಯೂ ನನಗೆ ಇತ್ತು.

ತನುಜಾಳ ಅಕ್ಕನನ್ನು ಹಾಗೆ ಆರಿಸಿದ್ದರು. ೧೯೯೮ರಲ್ಲಿ, ಯಾರದೋ ಮದುವೆಯ ಕ್ಯಾಸೆಟ್ಟಿನಲ್ಲಿ ಪಾಯಸ ಬಡಿಸುವಾಗ. ಆಗ ಅವಳು ಎರಡನೆಯ ಪಿಯುಸಿ. ಹುಡುಗನ ಕಡೆಯವರು ಒಳ್ಳೆಯ ಜನ, ಕಾನಸೂರಿನ ಹತ್ತಿರ. ಪರೀಕ್ಷೆ ಮಾರ್ಚಿನಲ್ಲಿ, ಮದುವೆ ಫೆಬ್ರವರಿಯಲ್ಲಿ. ಪರೀಕ್ಷೆ ಮದುವೆ ಆದ ಮೇಲೂ ಬರೆಯಬಹುದು ಎಂದರಂತೆ. ಬರೆಯಲಿಲ್ಲ.

"ಅಪ್ಪ ಕೆಟ್ಟವನಲ್ಲ," ಎಂದಳು ತನುಜಾ. "ಆದ್ರೆ ಮನೆಗೆ ಬಂದವ್ರಿಗೆ ಇಲ್ಲ ಹೇಳೂಕೆ ಅವನಿಗೆ ಬರೂದಿಲ್ಲ. ಬರೂದೇ ಬ್ಯಾಡ ಅವ್ರು. ಪರೀಕ್ಷೆ ಮೇ ತಿಂಗಳಲ್ಲಿ. ಅಲ್ಲೀವರೆಗೆ ನನ್ನ ಮುಖ ಯಾರ ಮನೆ ಟಿ.ವಿ.ಯಲ್ಲೂ ಬರ್ಬಾರ್ದು."

"ಯಾವ ಕ್ಯಾಸೆಟ್ಟು ಅದು, ಅಕ್ಕನದ್ದು?"

"ನಿಮ್ದೇ."

ನಾನು ರ್‍ಯಾಕಿನ ಸಿಡಿಗಳನ್ನು ಸರಿಮಾಡಿದೆ. ಅವು ಸರಿಯಾಗಿಯೇ ಇದ್ದವು. "ನಿನ್ನ ಮುಖ ಬರೂದಿಲ್ಲ. ಮಾತು ಕೊಟ್ಟೆ," ಎಂದೆ.

ಹದಿನೈದು ದಿನ ಶೂಟಿಂಗು. ಕ್ಯಾಮೆರಾ ಹೆಚ್ಚಾಗಿ ಅವಳ ಕೈಯಲ್ಲೇ. ಟೇಪಿನಿಂದ ಕಂಪ್ಯೂಟರಿಗೆ ಇಳಿಸಿ, ಬೇಕಾದ್ದನ್ನು ಆರಿಸಿ, ತಾಳಕ್ಕೆ ಸರಿಯಾಗಿ ಕತ್ತರಿಸಿದಳು. ನನ್ನ ಹತ್ತಿರ ಇದ್ದ ಸಂಪತ್ತೆಲ್ಲ ತೋರಿಸಿದೆ: ಹೃದಯದ ಆಕಾರದ ಚೌಕಟ್ಟು, ತಾವರೆ ಅರಳಿ ಅದರೊಳಗಿಂದ ಮುಂದಿನ ದೃಶ್ಯ, ಗುಲಾಬಿ ಮಳೆ. "ಇದು ಯಾರ ಮದುವೆಯೂ ಅಲ್ಲ ನಾಗಪತಣ್ಣ" ಎಂದು ಎಲ್ಲ ಮುಚ್ಚಿದಳು. ಕೈಗಳ ನಡುವೆ ಒಂದು ಕೈ ಬೇರೆ ಕಂಡಿತು. ಬಳೆ ತುಂಬಿದ್ದು, ಮಣಿಕಟ್ಟಿನ ಮೇಲೆ ಅಂಗೈ ಅಗಲದ ಸುಟ್ಟ ಕಲೆ. ಬಸ್ಸಿನಲ್ಲಿ ಒಂದು ಮಗುವಿನ ಕೈ ಹಿಡಿದುಕೊಂಡಿತ್ತು.

"ಇದು ಕಾಲೇಜಿನವರ ಕೈ ಅಲ್ಲ. ತೆಗೀಲಾ?"

"ಅಕ್ಕಂದು. ಇರ್ಲಿ. ಅವಳೂ ಇದೇ ಬಸ್ಸಿಗೆ ಕಾಲೇಜಿಗೆ ಹೋಗ್ತಿದ್ದಳು."

ವಿಡಿಯೋ ಮುಗಿಯಿತು. ನಾಲ್ಕು ನಿಮಿಷ. ನಾನು ಮಾಡಿದ್ದರಲ್ಲಿ ಯಾವುದೂ ಅಷ್ಟು ಚೆನ್ನಾಗಿರಲಿಲ್ಲ. ಅದನ್ನು ನಾನು ಅವಳಿಗೆ ಹೇಳಲಿಲ್ಲ. ಒಂದು ಸಿಡಿ ಹಾಕಿಸಿಕೊಂಡು ಮನೆಗೆ ಹೋದಳು. ಉದ್ದಿನ ಗದ್ದೆಯ ಕೆಲಸ ಇತ್ತು, ಎರಡು ದಿನ ಕಾಲೇಜಿಗೆ ರಜೆ ಹಾಕಿದಳು.

ಆ ಎರಡು ದಿನದಲ್ಲಿ ಶಶಾಂಕ ಏಳು ಜನರನ್ನು ಕಟ್ಟಿಕೊಂಡು ಅಂಗಡಿಗೆ ಬಂದ. ವಿಡಿಯೋ ನೋಡಿ ತನ್ನ ಮುಖ ಹುಡುಕಿದ.

"ನಾಗಪತಣ್ಣ, ಇದರಲ್ಲಿ ಆನು ಎಲ್ಲಿದ್ದಿ?"

"ಅಕಾ ಅಲ್ಲಿ, ನಿನ್ನ ಬೆರಳು."

"ಬೆರಳು ಕಂಡು ಮನೇಲಿ ಆಯಿ ಗುರ್ತು ಹಿಡೀತ್ಲಾ? ಆನು ಟಿ.ವಿ.ಯಲ್ಲಿ ಬತ್ತಿ ಹೇಳಿ ಇಡೀ ಕೇರಿಗೆ ಹೇಳ್ಕಂಡು ಬೈಂದು!"

ಬಾಕಿಯವರೂ ದನಿಗೂಡಿಸಿದರು. ಎಲ್ಲರೂ ವರ್ಗಣಿ ದುಡ್ಡು ಹಾಕಿದ್ದಾರೆ, ಮುಖ ಮಾತ್ರ ಯಾರದ್ದೂ ಇಲ್ಲ, ಇದೆಂಥ ನ್ಯಾಯ. ಮುಖ ಬಿಟ್ಟುಹೋದವನು ಎಂಥ ಗಿರಾಕಿ ಎಂದು ನನಗೆ ಗೊತ್ತು. ಒಬ್ಬ ಮಾವನ ಮುಖ ಬಿಟ್ಟಿದ್ದಕ್ಕೆ ಒಂದು ಮನೆತನವೇ ಏಳು ವರ್ಷ ನನ್ನ ಅಂಗಡಿಗೆ ಬಂದಿರಲಿಲ್ಲ.

ಶೂಟಿಂಗಿನ ಕೊನೆಯ ದಿನ ಹುಡುಗರೆಲ್ಲ ಕಾಲೇಜಿನ ಜಗಲಿಯಲ್ಲಿ ಸಾಲಾಗಿ ಕೂತು ಡಬ್ಬಿ ಬಿಚ್ಚಿ ಊಟ ಮಾಡಿದ್ದರು. ಊಟದ ಸಾಲು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ, ಈ ತುದಿಯಿಂದ ಆ ತುದಿಗೆ ಕ್ಯಾಮೆರಾ ಓಡಿಸಿದ್ದೆ. ಇಪ್ಪತ್ತೆಂಟು ಮುಖ, ಒಂದೂವರೆ ನಿಮಿಷ. ಅದನ್ನು ಹಾಡಿನ ಕೊನೆಗೆ ಜೋಡಿಸಿದೆ. ನಡುವೆ ಆರು ಸೆಕೆಂಡು ತನುಜಾ ಇದ್ದಳು. ಮನೆಯಿಂದ ತಂದ ಮಿಡಿ ಉಪ್ಪಿನಕಾಯಿ ಬಾಟಲಿ ಹಿಡಿದು ಸಾಲಿಗೆ ಬಡಿಸುತ್ತಿದ್ದವಳು ಯಾರದೋ ಮಾತಿಗೆ ತಲೆ ಎತ್ತಿ ನಕ್ಕಿದ್ದಳು.

ಕತ್ತರಿಸಬಹುದಿತ್ತು. ಎರಡು ಕ್ಲಿಕ್ಕಿನ ಕೆಲಸ. ಆದರೆ ಹದಿನೈದು ವರ್ಷದ ಮದುವೆ ವಿಡಿಯೋದಲ್ಲಿ ನಾನು ಪಂಕ್ತಿಯನ್ನು ನಡುವೆ ಕತ್ತರಿಸಿದವನಲ್ಲ. ಊಟಕ್ಕೆ ಕೂತವರ ಸಾಲು ಮುರಿಯುವುದು ನಮ್ಮಲ್ಲಿ ಒಳ್ಳೆಯದಲ್ಲ, ಕ್ಯಾಮೆರಾದಲ್ಲೂ. ಅವಳ ಆರು ಸೆಕೆಂಡು ತೆಗೆದರೆ ಅವಳ ಆಚೀಚೆ ಕೂತ ಇಬ್ಬರ ಮುಖವೂ ಹೋಗುತ್ತಿತ್ತು. ಆರು ಸೆಕೆಂಡು ಯಾರು ನೋಡುತ್ತಾರೆ ಎಂದುಕೊಂಡೆ. ಜನ ಆರು ಸೆಕೆಂಡನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಾರೆಂದು ಶಿರಸಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನು.

ಮನೆಯಲ್ಲಿ ಹೆಂಡತಿ ದೇವಕಿಗೆ ಹೇಳಿದೆ. "ಆ ಕೂಸಿನ ಹತ್ರ ಒಂದು ಮಾತು ಕೇಳಿದ್ರಾ?" ಎಂದಳು. ಫೋನು ಅವರ ಪಕ್ಕದ ಮನೆಯಲ್ಲಿದೆ, ಕರೆಸಬೇಕು, ತೊಂದರೆ ಎಂದೆ.

ನಲವತ್ತು ಸಿಡಿ ಹಾಕಿದೆ. ಗ್ಯಾದರಿಂಗಿನ ಬೆಳಿಗ್ಗೆಯೇ ಹುಡುಗರು ತೆಗೆದುಕೊಂಡು ಹೋದರು. ಸಭೆಯಲ್ಲಿ ಪರದೆಯ ಮೇಲೆ ಕೈಗಳು ಬಂದಾಗ ಎಲ್ಲ ಮೌನ, ಪಂಕ್ತಿ ಬಂದಾಗ ಕೇಕೆ, ಶಿಳ್ಳೆ. ನನ್ನ ಲೆಕ್ಕ ಸರಿ ಎಂದು ಬೀಗಿದೆ. ತನುಜಾ ಹಿಂದಿನ ಸಾಲಿನಲ್ಲಿದ್ದಳು, ಆಮೇಲೆ ಕಾಣಲಿಲ್ಲ.

ಮಾರನೆಯ ದಿನ ಅಂಗಡಿಗೆ ಬಂದಳು. ಕೂಗಾಡಿದ್ದರೆ ಉತ್ತರ ಕೊಡಬಹುದಿತ್ತು.

"ಎಷ್ಟು ಕಾಪಿ?"

"ನಲವತ್ತು."

"ವಾಪಸ್ ತರ್ಬಹುದಾ?"

"ಬಸ್ಸಿನ ಕಂಡಕ್ಟರೇ ಹನ್ನೆರಡು ಇಸ್ಕೊಂಡು ಹೋಗಿದ್ದಾನೆ ತಂಗಿ. ಅವನ ಕೈಯೂ ಇದ್ಯಲ್ಲ ಅದರಲ್ಲಿ. ಯಲ್ಲಾಪುರದ ಗಾಡಿಯವ್ರಿಗೂ ಕೊಟ್ಟಿದ್ದಾನಂತೆ."

"ಹೌದಾ," ಎಂದು ಹೋದಳು.

ಮೂರು ವಾರ ಕಳೆಯಿತು. ಒಂದು ಮಧ್ಯಾಹ್ನ ಯಲ್ಲಾಪುರದ ಆಚೆಯ ವಜ್ರಳ್ಳಿಯಿಂದ ಗೌರಕ್ಕ ಎಂಬುವಳು ತಮ್ಮನನ್ನು ಕರೆದುಕೊಂಡು ಬಂದಳು. ಕೆರಿಯಪ್ಪನ ಜಾತಿಯ ಜನವೇ. ಅವಳ ಮಗ ಉಲ್ಲಾಸ, ಸಹಕಾರಿ ಸಂಘದಲ್ಲಿ ಕೆಲಸ. ಸೆರಗಿನೊಳಗಿಂದ ಸಿಡಿ ತೆಗೆದಳು.

"ಇದರಲ್ಲಿ ಉಪ್ಪಿನಕಾಯಿ ಬಡಿಸ್ತಾ ನಗಾಡ್ತದಲ್ಲ, ಅದು ಯಾರ ಮನೆ ಹುಡುಗಿ?"

"ಗೊತ್ತಿಲ್ಲ," ಎಂದೆ.

"ಅಯ್ಯ! ನೀವೇ ಮಾಡಿದ್ದು, ನಿಮಗೇ ಗೊತ್ತಿಲ್ವಾ? ನಿಮಗೆ ಗೊತ್ತಿಲ್ಲದ ಹುಡುಗಿ ಮೂರು ತಾಲೂಕಿನಲ್ಲಿ ಇಲ್ಲ ಅಂತ ಹೇಳಿದ್ರು."

"ಕಾಲೇಜಿನ ಹುಡುಗಿ. ಪರೀಕ್ಷೆ ಇದೆ ಅವಳಿಗೆ."

"ಪರೀಕ್ಷೆ ಎಂತ, ಮದುವೆ ಆದ್ಮೇಲೂ ಬರೀಬಹುದು," ಎಂದಳು ಗೌರಕ್ಕ, ಬಹಳ ಪ್ರೀತಿಯಿಂದ.

ನಾನು ಹೇಳದಿದ್ದರೇನು, ಕಂಡಕ್ಟರ್ ಹೇಳಿದ. ಎರಡು ದಿನಕ್ಕೆ ಕೆರಿಯಪ್ಪನ ಫೋನು ಬಂತು. "ನಾಗಪತಿ ಹೆಗಡೇರೆ, ಆಯ್ತವಾರ ವಜ್ರಳ್ಳಿಯವ್ರು ಬರ್ತಾರೆ. ನೀವೂ ಬರ್ಬೇಕು. ದೊಡ್ಡವಳಿಗೂ ನಿಮ್ಮ ಕ್ಯಾಸೆಟ್ಟಿಂದೇ ಕೂಡಿಬಂದದ್ದು. ನಿಮ್ಮ ಕೈಗುಣ ಒಳ್ಳೇದು."

ಹೋದೆ. ಹೋಗದಿರಲು ಕಾರಣ ಹುಡುಕಿದ್ದೆ, ಸಿಗಲಿಲ್ಲ.

ಕೆರಿಯಪ್ಪ ಎಲ್ಲರಿಗೂ ತಾನೇ ನೀರು ಕೊಟ್ಟ. ಗೌರಕ್ಕ ಮಗನ ಸಂಬಳ, ಮನೆಯ ನಲ್ಲಿ ನೀರು, ಸೊಸೆಗೆ ಯಾವ ಕೆಲಸವೂ ಇಲ್ಲದ್ದು ಎಲ್ಲ ಹೇಳಿದಳು. ಸುಳ್ಳು ಒಂದೂ ಇರಲಿಲ್ಲ. ಕೆರಿಯಪ್ಪ ಪ್ರತಿ ಮಾತಿಗೂ "ಹೌದು, ಹೌದು" ಎಂದು ತಲೆ ಆಡಿಸುತ್ತಿದ್ದ. ಇನ್ನೆರಡು ಹೌದು ಸೇರಿದರೆ ದಿನ ನೋಡುವುದೊಂದೇ ಬಾಕಿ ಎಂದು ನನಗೆ ಕಂಡಿತು.

ತನುಜಾ ಚಾ ತರಲಿಲ್ಲ. ಸಿಡಿ ತಂದಳು, ನಾನು ಮೊದಲು ಹಾಕಿಕೊಟ್ಟದ್ದು. "ಗೌರಕ್ಕ, ನೀವು ನೋಡಿದ್ದು ಅಂಗಡಿಯವ್ರು ಅಂಟಿಸಿದ್ದು. ನಾನು ಮಾಡಿದ್ದು ಇದು. ಹೆಣ್ಣು ನೋಡೂಕೆ ಬಂದವ್ರು ಪೂರ್ತಿ ನೋಡಿ," ಎಂದು ಟಿ.ವಿ. ಹಾಕಿದಳು.

ಗೌರಕ್ಕ ಮೂರು ಸಲ "ಮುಖ ಯಾವಾಗ ಬರ್ತದೆ?" ಎಂದಳು. ಕೆರಿಯಪ್ಪ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ. ಸುಟ್ಟ ಕಲೆಯ ಕೈ ಬಂತು, ಹೋಯಿತು.

"ಹಿಂದೆ ಹಾಕು," ಎಂದ.

ತನುಜಾ ಹಿಂದೆ ಹಾಕಿದಳು.

"ದೊಡ್ಡವಳ ಕೈ ಇದು. ಗಂಜಿ ಬಸಿಯುವಾಗ ಸುಟ್ಕೊಂಡದ್ದು." ಯಾರಿಗೆ ಹೇಳಿದನೋ. "ಬಸ್ಸಲ್ಲಿ ಎಂತ ಮಾಡ್ತಾ ಇದ್ದಾಳೆ?"

"ಮಗನ್ನ ಶಾಲೆಗೆ ಬಿಡೂಕೆ ಹೋಗ್ತಾಳೆ ದಿನಾ. ಎಂಟು ಹತ್ತರ ಬಸ್ಸಿಗೆ."

ಹಾಡು ಮುಗಿದು ಟಿ.ವಿ. ನೀಲಿಯಾಯಿತು. ಯಾರೂ ಆರಿಸಲಿಲ್ಲ. ಕೆರಿಯಪ್ಪ ಎದ್ದು ಹೋಗಿ ಎಲೆಯಡಿಕೆ ತಟ್ಟೆ ತಂದು ಗೌರಕ್ಕನ ಮುಂದೆ ಇಟ್ಟ. ತಟ್ಟೆಯ ಅಂಚು ಹಿಡಿದೇ ಇದ್ದ, ಬಿಡಲಿಲ್ಲ.

"ಗೌರಕ್ಕ, ನಿಮ್ಮ ಮನೆ ಒಳ್ಳೇದು. ಹುಡುಗ ಒಳ್ಳೆಯವ. ನಮ್ಮ ಹುಡುಗಿ ಪರೀಕ್ಷೆ ಬರೀಲಿ. ಆಮೇಲೂ ಅವಳು ಎಂತ ಹೇಳ್ತಾಳೋ ಅದು." ಇಷ್ಟು ಹೇಳುವುದರೊಳಗೆ ಅವನ ಹಣೆ ಬೆವರಿತ್ತು.

ಗೌರಕ್ಕ ಎಲೆಗೆ ಸುಣ್ಣ ಹಚ್ಚಿಕೊಂಡಳು. "ಆ ಉಪ್ಪಿನಕಾಯಿ ಆದ್ರೂ ಸ್ವಲ್ಪ ಕೊಡ್ರೋ, ಇಷ್ಟು ದೂರ ಬಂದದ್ದಕ್ಕೆ," ಎಂದಳು. ಕೊಟ್ಟರು.

ತನುಜಾ ಮೇ ತಿಂಗಳಲ್ಲಿ ಪರೀಕ್ಷೆ ಬರೆದು ಪಾಸಾದಳು. ಈಗ ಎರಡು ವರ್ಷದಿಂದ ಸಿದ್ದಾಪುರದಲ್ಲಿ ಅವಳದ್ದೇ ಸಣ್ಣ ಎಡಿಟಿಂಗ್ ಅಂಗಡಿ ಇದೆ. ಆ ಕಡೆಯ ಮದುವೆಗಳು ನನ್ನ ಕೈತಪ್ಪಿ ಅವಳಿಗೆ ಹೋಗುತ್ತವೆ. ಊಟದ ಪಂಕ್ತಿಯಲ್ಲಿ ಬಡಿಸುವ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಾಳಂತೆ, "ಹಾಕಲಾ, ಬ್ಯಾಡ್ವಾ?" ಬೇಡ ಎಂದರೆ ಪಂಕ್ತಿಯನ್ನು ಅಲ್ಲೇ ಕತ್ತರಿಸುತ್ತಾಳೆ. ಇದುವರೆಗೆ ಯಾವ ಮದುವೆಗೂ ಏನೂ ಕೆಡುಕಾಗಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರೆ ಮಾತಾಡಿಸುತ್ತಾಳೆ, ಯಾವ ಸಿಡಿ ಬೇಗ ಹಾಳಾಗುವುದಿಲ್ಲ ಎಂದು ಕೇಳುತ್ತಾಳೆ. ಆ ಆರು ಸೆಕೆಂಡಿನ ವಿಷಯ ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ. ಅವಳಿಗೆ ಕೊಟ್ಟ ಮಾತನ್ನು ನಾನು ಮುರಿದೆ. ಅವಳಿಗೆ ಒಂದು, ಅವಳ ಅಕ್ಕನಿಗೆ ಒಂದು, ಎರಡು ಕ್ಷಮೆ ನಾನು ಕೇಳಬೇಕಾದ್ದು ಇದೆ. ಇನ್ನೂ ಕೇಳಿಲ್ಲ.