ಬಂಡೆಯ ವಿಳಾಸ

ಹೈದರಾಬಾದಿನ ಯಾವ ನರ್ಸರಿಗೆ ಹೋಗಿ, ಈ ಗಿಡ ಎಲ್ಲಿಂದ ಬಂತು ಎಂದು ಕೇಳಿದರೂ ಉತ್ತರ ಒಂದೇ: ಕಡಿಯಂ. ಗೋದಾವರಿ ದಂಡೆಯ ಆ ಊರಿನಿಂದ ಲಾರಿಗಟ್ಟಲೆ ಗಿಡ ಬರುವುದು ಖರೆ. ಆದರೆ ಅಲ್ಲಿಂದ ಬಾರದ ಗಿಡವೂ ನಮ್ಮ ಬಾಯಲ್ಲಿ ಅಲ್ಲಿಂದಲೇ ಬಂದಿರುತ್ತದೆ. ಇಪ್ಪತ್ತು ವರ್ಷ ನಾನೂ ಹಾಗೆಯೇ ಹೇಳಿದವಳು. ಉಪ್ಪಲ್‌ನಲ್ಲಿ ಇನ್ನೂ ಮೆಟ್ರೊ ಕಂಬ ಎದ್ದಿರಲಿಲ್ಲ, ತಳ್ಳುಗಾಡಿಯಲ್ಲಿ ತುಳಸಿ, ದಾಸವಾಳ ಇಟ್ಟುಕೊಂಡು ಓಣಿ ತಿರುಗುತ್ತಿದ್ದೆ. ಆಗಲೇ ಕಲಿತ ಪಾಠ ಅದು. ಮಾಲಿನ ಮೂಲ ಹೇಳಿದರೆ ಗಿರಾಕಿ ನಾಳೆ ನಮ್ಮನ್ನು ದಾಟಿ ನೇರ ಅಲ್ಲಿಗೇ ಹೋಗುತ್ತಾನೆ. ಹೊಸದಾಗಿ ನರ್ಸರಿ ಹಾಕುವವರಿಗೆ ಈ ಮಾತನ್ನು ಎಷ್ಟು ಸಲ ಉಪದೇಶ ಮಾಡಿದ್ದೇನೋ. ಈಗ ಅದರಲ್ಲಿ ಅರ್ಧ ವಾಪಸು ತೆಗೆದುಕೊಳ್ಳಬೇಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಒಂದು ಬಳ್ಳಿ ಇತ್ತು. ಬೆರಳುದ್ದದ ಹೂವು, ಬುಡ ಉಬ್ಬಿ, ತುದಿಯಲ್ಲಿ ಎಳೆಗಳೆಲ್ಲ ಕೂಡಿ ಮುಚ್ಚಿಕೊಂಡು ಥೇಟ್ ಪುಟ್ಟ ಕಂದೀಲು. ಸಣ್ಣ ನೊಣ ಒಳಗೆ ಇಳಿದರೆ ಹೂವು ಬಾಡುವ ತನಕ ಅದಕ್ಕೆ ಬಿಡುಗಡೆ ಇಲ್ಲ. ಅದು ಕಡಿಯಂನದಲ್ಲ. ಜೀಡಿಮೆಟ್ಲಾದ ಕಾರ್ಖಾನೆಗಳ ಹಿಂದಿನ ಒಂದು ಕಲ್ಲುಗುಡ್ಡದ್ದು. ಕಲಬುರಗಿ ಕಡೆಯಿಂದ ಬಂದ ಹೊಸದರಲ್ಲಿ ನಾನೂ ನನ್ನ ಗಂಡನೂ ಅಲ್ಲೊಂದು ಕಂಪೌಂಡ್ ಗೋಡೆ ಕಟ್ಟುವ ಕೆಲಸಕ್ಕಿದ್ದೆವು. ಮಧ್ಯಾಹ್ನ ಔಷಧಿ ಕಾರ್ಖಾನೆಗಳ ಘಾಟು ತಪ್ಪಿಸಿಕೊಳ್ಳಲು ಗುಡ್ಡ ಹತ್ತುತ್ತಿದ್ದೆವು. ನಮ್ಮೂರ ಕಡೆ ಕುರಿ ಕಾಯುವವರು ಇಂಥ ಬಳ್ಳಿಯ ಗಡ್ಡೆ ಅಗೆದು ತಿನ್ನುತ್ತಿದ್ದರು, ಹಾಗಾಗಿ ಬಂಡೆಯ ಸಂದಿಯಲ್ಲಿ ಕಂಡೊಡನೆ ಗುರುತು ಹತ್ತಿತು. ಗಂಡ ತೀರಿಕೊಂಡು ನರ್ಸರಿ ನನ್ನೊಬ್ಬಳ ಮೇಲೆ ಬಿದ್ದ ಮೇಲೆ, ವರ್ಷಕ್ಕೆ ಒಂದೆರಡು ಗಡ್ಡೆ ತಂದು, ಕಡ್ಡಿ ಊರಿ ಸಸಿ ಮಾಡಿ, ಕೊಂಡಾಪುರದ ಅಪಾರ್ಟ್‌ಮೆಂಟ್ ಬಾಲ್ಕನಿಗಳಿಗೆ ಮಾರಿದೆ. ಗುಡ್ಡದ ದಾರಿ ಯಾರಿಗೂ ಹೇಳಲಿಲ್ಲ. ಹೇಳುವಷ್ಟು ಹತ್ತಿರದವರು ಯಾರೂ ಇರಲಿಲ್ಲ ಎಂಬುದೂ ಇತ್ತು.

ಹೋದ ವರ್ಷ ಮಳೆ ಹಿಡಿಯುವ ಹೊತ್ತಿಗೆ ನಗರದ ಜೀವವೈವಿಧ್ಯ ಸಮಿತಿಯವರು ಗಿಡ, ಪಕ್ಷಿ ಬಲ್ಲವರನ್ನು ಕೂಡಿಸಿ ತರಬೇತಿ ಇಟ್ಟರು. ಆರು ಶನಿವಾರ. ಎಲ್ಲರೂ ಕೂಡಿ ಊರಿನ ಗಿಡ, ಪ್ರಾಣಿಗಳ ದಾಖಲೆ ಪುಸ್ತಕ ಮಾಡಬೇಕು ಎಂಬುದು ಉದ್ದೇಶ. ನನ್ನನ್ನೂ ಕರೆದರು. ಪುಣ್ಯಕ್ಕೆಂದು ಹೋದವಳಲ್ಲ ನಾನು. ಉದ್ಯಾನಗಳಿಗೆ ಸಸಿ ಪೂರೈಸುವ ಟೆಂಡರ್ ಕೊಡುವವರೂ ಅದೇ ಕಟ್ಟಡದಲ್ಲಿ ಕೂಡುತ್ತಾರೆ. ಮುಖ ಪರಿಚಯ ಇದ್ದರೆ ಒಳ್ಳೆಯದು ಎಂದು ಹೋದೆ.

ಮೊದಲ ಶನಿವಾರ ಟೀಗೆ ಬಿಟ್ಟಾಗ ಗೊತ್ತಾಯಿತು ಎಲ್ಲಿಗೆ ಬಂದೆ ಎಂದು. ಅರಣ್ಯ ಇಲಾಖೆಯವರು ಒಂದು ಗುಂಪು, ಕಾಲೇಜಿನವರು ಒಂದು ಗುಂಪು, ಕೊಂಡಾಪುರದಿಂದ ಬಂದ ಪಕ್ಷಿ ನೋಡುವ ಹುಡುಗರು ತಮ್ಮ ಮೊಳದುದ್ದದ ಕ್ಯಾಮೆರಾಗಳ ಜೊತೆ ಒಂದು ಗುಂಪು. ಗಿರಾಕಿಯ ಜೊತೆ ಅರ್ಧ ತಾಸು ವಾದ ಹಾಕಬಲ್ಲ ನಾನು ಪೇಪರ್ ಕಪ್ ಹಿಡಿದುಕೊಂಡು ಕಿಟಕಿಯ ಹತ್ತಿರ ನಿಂತೆ. ತೆಲುಗು ಮಾತಾಡುತ್ತೇನೆ, ಬರೆಯಲು ಬಾರದು. ಇಂಗ್ಲಿಷ್ ಫಾರ್ಮು ನನಗೆ ಬಿಳಿ ಗೋಡೆ ಇದ್ದ ಹಾಗೆ. ಮಾಡಲು ಏನಾದರೂ ಬೇಕಲ್ಲ, ನರ್ಸರಿಯಲ್ಲಿ ನೀರು ಬಿಡುವವಳಿಗೆ ಫೋನ್ ಹಚ್ಚಿ, ಕ್ರೋಟನ್‌ಗೆ ನೀರು ಕಡಿಮೆ ಹಾಕು ಎಂದು ಕನ್ನಡದಲ್ಲಿ ಬೈಯುತ್ತಿದ್ದೆ.

"ಅಕ್ಕಾರ, ನೀವು ನಮ್ ಕಡಿಯವ್ರೇನ್ರಿ?"

ತಿರುಗಿ ನೋಡಿದರೆ ಮೂವತ್ತು ದಾಟಿದ ಒಬ್ಬ ಹೆಣ್ಣುಮಗಳು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಅಪ್ಪ ಧಾರವಾಡ ಕಡೆಯವರು, ಇಲ್ಲಿ ರಕ್ಷಣಾ ಕಾರ್ಖಾನೆಯಲ್ಲಿದ್ದರು. ಇವಳು ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲಿನ ಕ್ವಾರ್ಟರ್ಸಿನಲ್ಲಿ.

"ಮನ್ಯಾಗಷ್ಟ ನನ್ನ ಕನ್ನಡ. ಅಪ್ಪ ಹೋದಮ್ಯಾಲೆ ಅದೂ ಇಲ್ಲ. ನಿಮ್ ಬೈಗುಳ ಕೇಳಿ ಭಾಳ ಚಲೋ ಅನಿಸ್ತು," ಎಂದಳು.

"ಬೈಗುಳ ಬೇಕಂದ್ರ ದಿನಾ ಬಾ ತಂಗಿ, ಪುಕಟ ಕೊಡ್ತೀನಿ," ಎಂದೆ. ಎಷ್ಟು ದಿನದ ಮೇಲೆ ನಾನು ಗಿರಾಕಿಯಲ್ಲದವರ ಮುಂದೆ ನಕ್ಕಿದ್ದೆನೋ.

ಅಲ್ಲಿ ಕೆಲಸದ ಒಂದು ಪದ್ಧತಿ ಇತ್ತು. ಯಾವುದನ್ನೂ ಒಬ್ಬರೇ ನೋಡಿದರೆ ನೋಡಿದಂತಲ್ಲ. ಇಬ್ಬಿಬ್ಬರ ಜೋಡಿ, ಇಬ್ಬರೂ ಜಾಗಕ್ಕೆ ಹೋಗಿ ನೋಡಿ, ಕಾಗದದ ಕೆಳಗೆ ಇಬ್ಬರೂ ಸಹಿ ಹಾಕಬೇಕು. ನಾವಿಬ್ಬರೂ ಜೋಡಿಯಾದೆವು. ನಾನು ಹೇಳುವುದು, ಅವಳು ಬರೆಯುವುದು. ಎಲೆ ತಿಕ್ಕಿ ಮೂಸಿ ನಾನು ಗುರುತು ಹೇಳಿದರೆ ಅವಳು ಅದರ ಶಾಸ್ತ್ರದ ಹೆಸರು ಹೇಳುತ್ತಿದ್ದಳು. ಶನಿವಾರ ಯಾವಾಗ ಬಂದೀತು ಎಂದು ಕಾಯುವಂತಾಯಿತು ನನಗೆ.

ಮೂರನೆಯ ಶನಿವಾರ ಜಂಬ ತಡೆಯಲಾರದೆ ಕಂದೀಲು ಬಳ್ಳಿಯ ಕುಂಡ ತೆಗೆದುಕೊಂಡು ಹೋದೆ. ಪಾಠ ಹೇಳುತ್ತಿದ್ದ ನಿವೃತ್ತ ಸಸ್ಯಶಾಸ್ತ್ರಜ್ಞರು ಕುರ್ಚಿ ಬಿಟ್ಟು ಎದ್ದು ಬಂದರು. ಈ ಊರಿನಲ್ಲಿ ಇದನ್ನು ನೋಡಿ ಎಷ್ಟೋ ವರ್ಷವಾಯಿತು, ಇದೆಯೋ ಇಲ್ಲವೋ ಎಂದುಕೊಂಡಿದ್ದೆ ಎಂದರು. ಅವರ ಬೆರಳು ಹೂವಿನ ಹತ್ತಿರ ಹೋಗಿ ಮುಟ್ಟದೆ ಹಿಂದೆ ಬಂತು. ನನ್ನ ಜೋಡಿಯವಳು ಫಾರ್ಮು ತೆಗೆದಳು. ಏನು, ಯಾವಾಗ, ಎಷ್ಟು, ಎಲ್ಲವನ್ನೂ ನಿಜವಾಗಿ ಹೇಳಿದೆ. ಕೊನೆಯ ಕಾಲಂ, ಎಲ್ಲಿ.

"ಉಪ್ಪಲ್ ಹಿಂದಿನ ಗುಡ್ಡದಾಗ," ಎಂದು ಬಾಯಿಂದ ಬಂತು. ಯೋಚಿಸಿ ಹೇಳಿದ್ದಲ್ಲ. ಕಡಿಯಂ ಎನ್ನುವ ನಾಲಿಗೆಯೇ ಅದನ್ನೂ ಅಂದಿತು.

"ನಾನೂ ಹೋಗಿ ನೋಡಿ ಸಹಿ ಹಾಕ್ಬೇಕಕ್ಕಾ. ಆದ್ರ ಇವತ್ತ ಕೊಡ್ರಿ ಅನ್ನಾಕತ್ತಾರ," ಎಂದು ಪೆನ್ನು ಕಚ್ಚಿದಳು. ಆಮೇಲೆ, "ಇರ್ಲಿ, ನೀವು ನೋಡೀರಲ್ಲ, ನಾ ನೋಡ್ದಂಗ," ಎಂದು ಸಹಿ ಹಾಕಿಬಿಟ್ಟಳು. ಈ ಊರಲ್ಲಿ ಯಾರೂ ನನ್ನ ಮಾತಿಗೆ ಹಾಗೆ ಸಹಿ ಹಾಕಿದ್ದಿಲ್ಲ. ಆಗಲೇ ತಡೆಯಬಹುದಿತ್ತು. ತಡೆಯಲಿಲ್ಲ.

ಮರುದಿನ ಭಾನುವಾರ ವ್ಯಾನಿನಲ್ಲಿ ಎಲ್ಲರೂ ಉಪ್ಪಲ್ ಗುಡ್ಡಕ್ಕೆ ಹೋದರು. ನಾನೂ ಹೋದೆ. ಇಲ್ಲದ್ದನ್ನು ಹುಡುಕುವವರ ಜೊತೆ ಹುಡುಕಿದಂತೆ ಮಾಡುವುದಕ್ಕಿಂತ ಒಂಟಿತನ ಬೇರೆ ಇಲ್ಲ. ಒಬ್ಬರು ಈ ಕಡೆ ನೋಡಿ ಎನ್ನುತ್ತಾರೆ, ಇನ್ನೊಬ್ಬರು ನೀರಿನ ಬಾಟಲಿ ಕೊಡುತ್ತಾರೆ, ಎಲ್ಲರೂ ಜೊತೆಗೇ ಇದ್ದಾರೆ. ಅವಳು ಮೊಣಕಾಲೂರಿ ಒಂದೊಂದು ಸಂದಿಗೂ ಮುಖ ಹಾಕಿ ನೋಡಿದಳು. ಅಂಗೈ ತರಚಿ ರಕ್ತ ಬಂದಿತ್ತು.

"ಕುರಿ ಮೇಯ್ದಾವೇನೋ," ಎಂದೆ ನಾನು.

"ಹೌದಕ್ಕಾ, ಹಂಗ ಆಗಿರ್ಬೇಕು," ಎಂದು ಅವಳು ನನ್ನನ್ನೇ ಸಮಾಧಾನ ಮಾಡಿದಳು.

ಐದನೆಯ ಶನಿವಾರ ಅಧಿಕಾರಿಯೊಬ್ಬರು ಒಂದು ಪಟ್ಟಿ ಓದಿದರು. ಎಲ್ಲೆಲ್ಲಿ ಬಂಡೆ ಒಡೆಯಲು ಅರ್ಜಿ ಬಂದಿದೆ, ಅಲ್ಲಿ ಕಾಪಾಡುವಂಥದ್ದು ಏನಾದರೂ ಇದೆಯೇ ಎಂದು ಸಮಿತಿ ಹೇಳಬೇಕಿತ್ತು. ಜೀಡಿಮೆಟ್ಲಾದ ಆ ಗುಡ್ಡದ ಹೆಸರೂ ಬಂತು. "ಇಲ್ಲಿ ನಮ್ಮ ದಾಖಲೆ ಏನೂ ಇಲ್ಲ. ಊಟ ಆದಮೇಲೆ ಆಕ್ಷೇಪಣೆ ಇಲ್ಲ ಎಂದು ಸಹಿ ಮಾಡೋಣ," ಎಂದು ಹಾಳೆ ತಿರುವಿದರು.

ಊಟಕ್ಕೆ ಕುಳಿತುಕೊಳ್ಳಲಿಲ್ಲ ನಾನು. ಅವಳನ್ನು ವರಾಂಡದ ಮೂಲೆಗೆ ಕರೆದೆ. ಅಲ್ಲಿಯೂ ನನ್ನ ಬುದ್ಧಿ ವ್ಯಾಪಾರಕ್ಕೇ ಇಳಿಯಿತು: ಕೊಡುವುದನ್ನು ಕಡಿಮೆ ಮಾಡಿ, ಪಡೆಯುವುದನ್ನು ಪಡೆ.

"ತಂಗಿ, ಆ ಬಳ್ಳಿ ಜೀಡಿಮೆಟ್ಲಾ ಗುಡ್ಡದಾಗೂ ಐತಿ. ಎರಡ್ನೇ ಜಾಗಾ ಅಂತ ಬರಿ, ಲಗೂನ."

"ಖರೇನ? ಇಷ್ಟ್ ದಿನಾ ಯಾಕ ಹೇಳ್ಲಿಲ್ಲಕ್ಕಾ!" ಎಂದು ಬ್ಯಾಗಿಗೆ ಕೈ ಹಾಕಿದವಳು ನಿಂತಳು. "ಆದ್ರ ಎರಡ್ನೇದು ಅಂತ ಬರದ್ರ ಕೆಲಸ ಆಗೂದಿಲ್ಲ. ಎರಡ್ ಕಡಿ ಐತಿ ಅಂದ್ರ, ಇದೊಂದ್ ಹೋದ್ರ ಹೋಗ್ಲಿ, ಉಪ್ಪಲ್‌ದಾಗ ಐತಲ್ಲ ಅಂತಾರ."

'ಇದೊಂದೇ ಉಳಿದೈತ್ರಿ' ಎಂದು ಹೇಳಿ ಹೇಳಿಯೇ ಅಂಗಡಿ ಕಟ್ಟಿದ ನನಗೆ ಅದು ಹೊಳೆದಿರಲಿಲ್ಲ. ಅವಳು ನನ್ನ ಮುಖ ನೋಡಿದಳು.

"ಅಕ್ಕಾ, ಉಪ್ಪಲ್ ಗುಡ್ಡದಾಗ ಆ ಬಳ್ಳಿ ಐತೇನು?"

"ಅಲ್ಲ, ನಾ ಹೇಳೂದು ಏನಂದ್ರ..."

"ಐತೋ ಇಲ್ಲೋ, ಅಷ್ಟ ಹೇಳ್ರಿ."

"ಇಲ್ಲ."

"ಕುರಿ ಮೇಯ್ದದ್ದು?"

"ಅದೂ ಇಲ್ಲ. ಅಲ್ಲಿ ಎಂದೂ ಇರಲೇ ಇಲ್ಲ."

ಅವಳು ತನ್ನ ಅಂಗೈ ನೋಡಿಕೊಂಡಳು. "ನಾ ಮೊಣಕಾಲ್ ಊರಿ ಹುಡುಕಾಕತ್ತಾಗ ನೀವು ನೋಡ್ಕೋತ ನಿಂತಿದ್ರಿ."

"ನೀ ಹೇಳು ಒಳಗ, ನಿನಗ ಇಂಗ್ಲಿಷ್ ಬರ್ತೈತಿ. ನಿನ್ನ ಸಹಿಗೆ ತೊಂದ್ರಿ ಆಗ್ದಂಗ ಹೆಂಗರೆ ಮಾಡಿ..."

"ನನ್ನ ಸಹಿ ನಾ ನೋಡ್ಕೋತೀನ್ರಿ. ಸುಳ್ಳು ನಿಮ್ದು, ನೀವ ಹೇಳ್ರಿ. ನಡ್ರಿ."

ಒಳಗೆ ಹೋಗಿ ತೆಲುಗಿನಲ್ಲಿ ಹೇಳಿದೆ. ಬಳ್ಳಿ ಇರುವುದು ಜೀಡಿಮೆಟ್ಲಾ ಗುಡ್ಡದಲ್ಲಿ ಮಾತ್ರ, ಉಪ್ಪಲ್ ಎಂದದ್ದು ಸುಳ್ಳು, ನನ್ನ ಜಾಗದ ಗುಟ್ಟು ಬಿಟ್ಟುಕೊಡಬಾರದೆಂದು ಹಾಗೆ ಹೇಳಿದ್ದೆ ಎಂದೆ. ಇಷ್ಟು ಕಡಿಮೆ ಮಾತು ಸಾಕಾಗುತ್ತದೆ ಎಂದು ಮಾರುವವಳಿಗೆ ಗೊತ್ತಿರಲಿಲ್ಲ. ಕೊಂಡಾಪುರದ ಹುಡುಗನೊಬ್ಬ, "ಅರೆ ಆಂಟೀ, ನಮ್ಮ ಒಂದು ಸಂಡೇ ತಿಂದುಬಿಟ್ರಲ್ಲಾ," ಎಂದ. ಕೆಲವರು ನಕ್ಕರು. ನಗು ಮುಗಿಯುವ ಮೊದಲೇ ಅವಳು ಎದ್ದಳು. ನನ್ನ ಪರವಾಗಿ ಅಲ್ಲ. "ನಾನು ನೋಡದೆ, ನೋಡಿದ್ದೇನೆ ಎಂದು ಸಹಿ ಹಾಕಿದೆ. ಅದು ನನ್ನ ತಪ್ಪು," ಎಂದು ಹೇಳಿ ಕುಳಿತಳು. ಹಿರಿಯ ಸಸ್ಯಶಾಸ್ತ್ರಜ್ಞರು ನನ್ನನ್ನು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಎಷ್ಟು ಗಡ್ಡೆ ತೆಗೆದಿದ್ದೀಯಮ್ಮಾ?" ನಿಜ ಹೇಳಿದೆ. ಅವರು ತಲೆ ತಗ್ಗಿಸಿ ಬರೆದುಕೊಂಡರು. ಬೈದಿದ್ದರೆ ತಿರುಗಿ ಎರಡು ಮಾತು ಆಡಬಹುದಿತ್ತು.

ಅಂದೇ ಸಂಜೆಯ ಒಳಗೆ ಗುಡ್ಡಕ್ಕೆ ಹೋದೆವು. ದಾರಿ ತೋರಿಸುತ್ತ ನಾನು ಮುಂದೆ, ಅವರೆಲ್ಲ ಹಿಂದೆ ತಮ್ಮತಮ್ಮಲ್ಲಿ ಮಾತಾಡುತ್ತ. ಒಪ್ಪಿಗೆಗೂ ಕಾಯದೆ, ಪಶ್ಚಿಮದ ಬಂಡೆಗಳಿಗೆ ಆಗಲೇ ಮದ್ದು ತುಂಬಲು ಸಾಲಾಗಿ ತೂತು ಕೊರೆದಿದ್ದರು. ಪೂರ್ವದ ಸಂದಿಗಳಲ್ಲಿ ಬಳ್ಳಿ ಇತ್ತು, ಹೂವೂ ಇತ್ತು. ಎಲ್ಲರೂ ಬಗ್ಗಿ ನೋಡಿದರು, ಫೋಟೊ ತೆಗೆದರು, ಜೋಡಿ ಜೋಡಿಯಾಗಿ ಸಹಿ ಹಾಕಿದರು. ಆಕ್ಷೇಪಣೆ ಹೋಯಿತು. ಆಮೇಲೆ ತಿಂಗಳುಗಟ್ಟಲೆ ಕಾಗದ ಓಡಾಡಿ, ಕೊರೆದಿದ್ದ ಭಾಗ ಕಾರ್ಖಾನೆಯ ಶೆಡ್ಡಿಗೆ ಹೋಯಿತು, ಬಳ್ಳಿ ಇದ್ದ ಭಾಗಕ್ಕೆ ತಂತಿಬೇಲಿ ಬಂತು. ಕೊರೆದಿದ್ದ ಕಡೆಯೂ ಬಳ್ಳಿ ಇತ್ತು, ಮೊದಲು ನಾನು ಕಂಡಿದ್ದೆ. ಎರಡು ಶನಿವಾರ ಮುಂಚೆ ಬಾಯಿ ಬಿಟ್ಟಿದ್ದರೆ ತೂತು ಬೀಳುವ ಮೊದಲೇ ಕಾಗದ ಹೋಗಿರುತ್ತಿತ್ತು. ಸೋವಿಯಾಗಿ ಮುಗಿಯುವುದನ್ನು ದುಬಾರಿ ಮಾಡಿಕೊಂಡೆ.

ಅವಳಿಗೂ ಅದು ದುಬಾರಿಯೇ ಆಯಿತು. ಮುಂದಿನ ತಂಡಕ್ಕೆ ಕಲಿಸುವವಳಾಗಿ ಹೋಗಬೇಕಿತ್ತು, ಪಟ್ಟಿಯಿಂದ ಹೆಸರು ಇಳಿಯಿತು. ಫೋನ್ ಮಾಡಿದೆ, ಎತ್ತಲಿಲ್ಲ. ನರ್ಸರಿಯಿಂದ ಒಳ್ಳೆಯ ಗುಲಾಬಿ ಆರಿಸಿ ಕಳಿಸಬೇಕೆಂದುಕೊಂಡೆ. ಆಮೇಲೆ ಅದು ಗಿರಾಕಿಯನ್ನು ಸಮಾಧಾನ ಮಾಡುವ ರೀತಿ ಅನಿಸಿ ಬಿಟ್ಟೆ. ಸಮಿತಿಯ ವಾಟ್ಸಾಪ್ ಗುಂಪಿನಲ್ಲಿ ನಾನೊಂದು ಚಿತ್ರ ಹಾಕಿದರೆ ನೋಡಿದ್ದಾರೆಂಬ ನೀಲಿ ಗುರುತು ಬೀಳುತ್ತದೆ, ಉತ್ತರ ಬೀಳುವುದಿಲ್ಲ.

ಈ ವರ್ಷ ಮಳೆ ಶುರುವಾದ ಮೇಲೆ ತಿಂಗಳಿಗೊಮ್ಮೆ ಬೇಲಿಯೊಳಗಿನ ಬಳ್ಳಿ ಎಣಿಸಬೇಕೆಂದು ತೀರ್ಮಾನವಾಯಿತು. ಇಬ್ಬರು ಬೇರೆ ಬೇರೆಯಾಗಿ ಎಣಿಸಿ, ಆಮೇಲೆ ತಾಳೆ ನೋಡಬೇಕು. ನನ್ನ ಜೊತೆ ಯಾರು ಎಂದು ಕೇಳಿದಾಗ ಸಭೆಯಲ್ಲಿ ಎಲ್ಲರೂ ತಮ್ಮತಮ್ಮ ಹಾಳೆ ತಿರುವತೊಡಗಿದರು. ಕೊನೆಗೆ, ಮೊದಲು ದಾಖಲಿಸಿದ ಜೋಡಿಯೇ ಎಣಿಸಲಿ ಎಂದು ನಿಯಮ ತೋರಿಸಿದರು.

ಅವಳು ಬಂದಳು. ಹೇಳಿದ ಹೊತ್ತಿಗೆ ಸರಿಯಾಗಿ. "ನೀವು ಆ ತುದಿಯಿಂದ ಬರ್ರಿ, ನಾ ಈ ತುದಿಯಿಂದ," ಎಂದಷ್ಟೇ ಹೇಳಿ ಬೆನ್ನು ತಿರುಗಿಸಿದಳು. ನಡುವೆ ಒಮ್ಮೆ ಎದುರಾದೆವು. ಕಾಗದ ಮುಚ್ಚಿಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಮುಗಿದ ಮೇಲೆ ನೋಡಿದರೆ ನನ್ನದು ಮೂವತ್ತನಾಲ್ಕು, ಅವಳದು ಮೂವತ್ತೊಂದು.

"ನಡುವಿಂದು ಬರ್ಯೂಣೇನ್ರಿ?" ಎಂದೆ.

"ಇದು ಸಂತಿ ಅಲ್ರಿ. ಮತ್ತ ಎಣಸೂಣು."

ಮತ್ತೆ ಎಣಿಸಿದೆವು. ಈ ಸಲ ಒಂದೊಂದಕ್ಕೂ ನಿಂತು ನೋಡಿದೆ. ಮೂರು ಕಡೆ, ಹೂವಿಲ್ಲದ ಬೇರೊಂದು ಬಳ್ಳಿಯನ್ನು ನಾನು ಇದೇ ಎಂದು ಹಿಡಿದಿದ್ದೆ. ಇರಲಿ ಎಂಬ ಆಸೆಗೆ ಕಣ್ಣು ಹಾಗೇ ಕಂಡಿತ್ತು. ಮೂವತ್ತೊಂದೇ. ನನ್ನ ಹಾಳೆಯಲ್ಲಿ ಹೊಡೆದು ತಿದ್ದಿದೆ. ಅವಳು ಆ ಮೂರೂ ಜಾಗಕ್ಕೆ ತಾನೇ ಹೋಗಿ, ಎಲೆ ತಿರುಗಿಸಿ ನೋಡಿ ಬಂದು, ಆಮೇಲೆ ಸಹಿ ಹಾಕಿದಳು.

ನರ್ಸರಿ ಇಟ್ಟವರಿಗೆ ಹೇಳುತ್ತೇನೆ: ಕುಂಡದ ಗಿಡ ಎಲ್ಲಿಂದ ಬಂತೆಂದು ಗಿರಾಕಿಗೆ ಹೇಳಬೇಡಿ, ಅದು ನಿಮ್ಮ ಹೊಟ್ಟೆಪಾಡು. ಆದರೆ ನೆಲದಲ್ಲಿ ಉಳಿದಿರುವುದರ ವಿಳಾಸವನ್ನು ಒಬ್ಬರಿಗಾದರೂ ಸರಿಯಾಗಿ ಹೇಳಿ ಇಡಿ. ನಿಮ್ಮ ಮಾತನ್ನು ನಂಬುವವರು ಇನ್ನೂ ಇರುವಾಗಲೇ ಹೇಳಿ.

ಕೆಳಗಿಳಿದಾಗ ಬೇಲಿಯ ತಂತಿ ಎತ್ತಿ ಹಿಡಿದೆ, ಅವಳು ಬಗ್ಗಿ ದಾಟಿದಳು.

"ಚಾ ಕುಡ್ಯೂಣೇನ್ರಿ? ಇಲ್ಲೇ ಗೇಟ್ ಹತ್ರ ಚಲೋ ಸಿಗ್ತೈತಿ."

"ಬ್ಯಾಡ್ರಿ. ಕ್ಲಾಸ್ ಐತಿ."

ಆವತ್ತು ಭಾನುವಾರ. ಆಟೊ ಹತ್ತುವ ಮುಂಚೆ ಮುಂದಿನ ತಿಂಗಳ ತಾರೀಕು ಹೇಳಿ, ಅದನ್ನು ನಾನು ಬರೆದುಕೊಳ್ಳುವ ತನಕ ನಿಂತಿದ್ದು, ಹೋದಳು.