ನಾನು ನೋಡದ ಸಮುದ್ರ

ಗೆಳೆಯರೇ, ಇಂದು ರಾಯಚೂರಿನ ತಮ್ಮನ ಮನೆಯಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದೆ.

ತಮ್ಮ ಹೊಸ ವಿಆರ್ ಹೆಡ್‌ಸೆಟ್ಟನ್ನು ನನ್ನ ತಲೆಗೆ ಕಟ್ಟಿ, "ಕುಂದ್ರಣ್ಣಾ, ಸಮುದ್ರ ತೋರಸ್ತೀನಿ" ಎಂದು ಫೋನ್ ತರಲು ಒಳಗೆ ಹೋದ. ನೋಡಿದವರಿಗೆ ನನ್ನ ಕಣ್ಣು ಪೂರ್ತಿ ಮುಚ್ಚಿದಂತೆ ಕಾಣುತ್ತಿತ್ತು. ಆದರೆ ಹೆಡ್‌ಸೆಟ್ಟಿನ ಹೊರಗಿನ ಕ್ಯಾಮೆರಾಗಳು ನನಗೆ ಇಡೀ ಕೋಣೆಯನ್ನು ತೋರಿಸುತ್ತಿದ್ದವು.

ತಮ್ಮನ ಹೆಂಡತಿ ಬಂದಳು. ಗಬ್ಬೂರಿನಿಂದ ಸೊಸೆಯಾಗಿ ಬಂದು ಒಂಬತ್ತು ವರ್ಷ. ಭಾವನಾದ ನನ್ನೆದುರು ಒಮ್ಮೆಯೂ ತಲೆಯ ಸೆರಗು ಇಳಿಸಿದವಳಲ್ಲ, ಕುರ್ಚಿಯಲ್ಲಿ ಕೂತವಳಲ್ಲ. ಇಂದು ಸೆರಗು ಇಳಿಸಿ, ನನ್ನೆದುರೇ ಕಾಲು ಮಡಚಿ ಕೂತು, ಬಸಿಯಲ್ಲಿ ಚಹಾ ಹೀರುತ್ತ ನನ್ನ ವೇಷಕ್ಕೆ ನಕ್ಕಳು. ನಾನು ಅಲುಗಾಡಲೂ ಹೆದರಿದೆ. ಕಾಣುತ್ತಿದೆ ಎಂದರೆ ಅವಳಿಗೆ ಅವಮಾನ. ಸುಮ್ಮನಿದ್ದರೆ ನಾನು ಕದ್ದು ನೋಡಿದವನು.

ತಮ್ಮ ಬಂದ. "ಏನ್ ಕಾಣಾಕತ್ತದ ಅಣ್ಣಾ?"

"ಸಮುದ್ರ."

"ಸಮುದ್ರ ಇನ್ನಾ ಹಚ್ಚೇ ಇಲ್ಲಲ್ಲಣ್ಣಾ! ಈಗ ಅದರಾಗ ನಮ್ಮ ಮನಿನೇ ಕಾಣ್ತದ."

"ಯವ್ವಾ!" ಬಸಿ ಬಿತ್ತು. ಹೆಡ್‌ಸೆಟ್ ಕಳಚಿದಾಗ ಕುರ್ಚಿ ಖಾಲಿ. ಎಷ್ಟೋ ಹೊತ್ತಿನ ಮೇಲೆ ಅಡುಗೆಮನೆಯಿಂದ ಗಂಡನಿಗೆ ಕೂಗಿದಳು: "ನಿಮ್ಮಣ್ಣಾರ್ದು ಸಮುದ್ರ ನೋಡೋದು ಮುಗಿದಿದ್ರ ಚಾ ಕುಡೀತಾರೇನು ಕೇಳ್ರಿ."

ತಲೆತಗ್ಗಿಸಿ ಕುಡಿದು ಬಂದೆ. ಸಮುದ್ರ ಮಾತ್ರ ಇನ್ನೂ ನೋಡಿಲ್ಲ.